ಚೆಲ್ಸಿಯ ಆ ಮನೆ, ನೀನು ದಿನಾ ಓಡಾಡುವ ಸುರಂಗ

ಅಕ್ಕ ಅಂತ ಕರೆದಿದ್ದೀಯ, ಹಾಗಾಗಿ ಏಕವಚನದಲ್ಲೇ ಬರೆಯುತ್ತೇನೆ. ಲಂಡನ್ನಿಗೆ ಬಂದು ಐದು ತಿಂಗಳಾಯ್ತು, ವೆಸ್ಟ್ ಕ್ರಾಯ್ಡನ್‌ನಲ್ಲಿ ರೂಮು, ಶೋರ್‌ಡಿಚ್‌ನಲ್ಲಿ ಕೆಲಸ, ಯಾವುದೂ ನನ್ನದು ಅನ್ನಿಸ್ತಿಲ್ಲ ಅಂದಿದ್ದೀಯ. ಚೆಲ್ಸಿ ಕಡೆ ಸುತ್ತಾಡುವಾಗ ಒಂದು ಮನೆಯ ಗೋಡೆ ಮೇಲೆ ಬ್ರುನೆಲ್ ಅನ್ನೋ ಇಂಜಿನಿಯರ್ ಹೆಸರಿನ ಫಲಕ ಕಂಡಿತಂತೆ. ಅವರು ಫ್ರಾನ್ಸಿನವರು ಅಂತ ಆಮೇಲೆ ಗೊತ್ತಾಗಿ, "ಹೊರಗಿಂದ ಬಂದವರನ್ನೂ ಈ ಊರು ತನ್ನವರು ಅಂದುಕೊಳ್ಳುತ್ತಾ?" ಅಂತ ಕೇಳಿದ್ದೀಯ.

ಆ ಮನೆ ಮುಂದೆ ನಾನೂ ಎಷ್ಟೋ ಸಲ ನಿಂತಿದ್ದೇನೆ. ಚೇನ್ ವಾಕ್, 98ನೇ ನಂಬರ್, ಬ್ಯಾಟರ್‌ಸೀ ಸೇತುವೆ ಹತ್ತಿರ, ಎದುರಿಗೇ ಥೇಮ್ಸ್ ನದಿ. ಫಲಕ ಹಾಕಿದ್ದು 1954ರಲ್ಲಿ. ಅಪ್ಪ ಸರ್ ಮಾರ್ಕ್, ಮಗ ಇಸಂಬಾರ್ಡ್, ಇಬ್ಬರ ಹೆಸರೂ ಇದೆ. ಹುಟ್ಟಿದ ವರ್ಷ, ಸತ್ತ ವರ್ಷ, ಸಿವಿಲ್ ಇಂಜಿನಿಯರ್‌ಗಳು, ಇಲ್ಲಿ ವಾಸವಿದ್ದರು. ಅಷ್ಟೇ. ರೈಲು, ಸೇತುವೆ, ಹಡಗು ಅಂತ ಮಗನ ಹೆಸರು ಇಲ್ಲಿ ಎಲ್ಲರಿಗೂ ಗೊತ್ತು. ನನಗೆ ಮಾತ್ರ ಅಪ್ಪನ ಕಥೆಯೇ ಹತ್ತಿರ.

ಮಾರ್ಕ್ ಹುಟ್ಟಿದ್ದು 1769ರಲ್ಲಿ, ನಾರ್ಮಂಡಿಯ ಹಳ್ಳಿಯಲ್ಲಿ. ರಾಜನ ಪರ ಮಾತಾಡುತ್ತಿದ್ದವರು, ಕ್ರಾಂತಿಯ ಕಾಲ. 1793ರಲ್ಲಿ ಜೀವ ಉಳಿಸಿಕೊಂಡು ಅಮೆರಿಕಕ್ಕೆ ಹೋದರು. 1799ರಲ್ಲಿ ಇಂಗ್ಲೆಂಡಿಗೆ ಬಂದು, ಫ್ರಾನ್ಸಿನಲ್ಲಿ ಪರಿಚಯವಾಗಿದ್ದ ಸೋಫಿಯಾರನ್ನು ಮದುವೆಯಾದರು. ನೌಕಾಪಡೆಗೆ ಹಡಗಿನ ರಾಟೆ ಮಾಡುವ ಯಂತ್ರಗಳನ್ನು ರೂಪಿಸಿದರು. ಈ ಮನೆಗೆ ಬಂದಮೇಲೆ ನದಿಯಾಚೆ ಬ್ಯಾಟರ್‌ಸೀಯಲ್ಲಿ ಮರ ಕೊಯ್ಯುವ ಮಿಲ್ ಇತ್ತು, 1814ರಲ್ಲಿ ಅದಕ್ಕೆ ಬೆಂಕಿ ಬಿತ್ತು. ಸೈನಿಕರಿಗೆ ಬೂಟು ಮಾಡಿದರು, 1815ರಲ್ಲಿ ನೆಪೋಲಿಯನ್ ಜೊತೆಗಿನ ಯುದ್ಧವೇ ಮುಗಿಯಿತು, ಬೂಟು ಕೇಳೋರಿಲ್ಲ. 1821ರಲ್ಲಿ ಸಾಲಕ್ಕೆ ಜೈಲು. ಸೋಫಿಯಾ ಕೂಡ ಜೊತೆಗೇ ಹೋಗಿ ಇದ್ದರು. ಮಾರ್ಕ್ ಕೆಲಸಕ್ಕೆ ರಷ್ಯಾಕ್ಕೆ ಹೋಗಿಬಿಟ್ಟಾರು ಅಂತಾದಾಗ ಸರ್ಕಾರ 5,000 ಪೌಂಡ್ ಕೊಟ್ಟು ಬಿಡಿಸಿತು, ದೇಶ ಬಿಡಬಾರದು ಅನ್ನೋ ಷರತ್ತಿನ ಮೇಲೆ.

ಇದೆಲ್ಲ ಆ ಫಲಕದಲ್ಲಿ ಇಲ್ಲ. ಆದರೆ ಬೆಂಕಿ, ಬೂಟು, ಜೈಲು ಎಲ್ಲ ಆ ಮನೆಯಲ್ಲಿದ್ದ ವರ್ಷಗಳಲ್ಲೇ ಆಗಿದ್ದು. ನಾನು ಬಂದ ಎರಡನೇ ವರ್ಷ ಕೆಲಸ ಹೋಯ್ತು. ಮೂರು ತಿಂಗಳು ಅಮ್ಮನಿಗೆ ಫೋನ್ ಮಾಡಿ "ಆಫೀಸಲ್ಲಿದ್ದೀನಿ, ಊಟ ಆಯ್ತು" ಅಂತಿದ್ದೆ. ಕೂತಿದ್ದು ಅಲ್ಲೇ, ನದಿ ದಂಡೆಯ ಬೆಂಚಿನ ಮೇಲೆ, ಡಬ್ಬಿಯಲ್ಲಿ ಚಿತ್ರಾನ್ನ ಇಟ್ಟುಕೊಂಡು. ಅವರ ಕಥೆ ಅಷ್ಟೊತ್ತಿಗೆ ಗೊತ್ತಿದ್ದರೆ ಸ್ವಲ್ಪ ಧೈರ್ಯ ಬರ್ತಿತ್ತು.

ಈ ಊರು ಒಪ್ಪಿಕೊಳ್ಳುತ್ತೆ, ಆದರೆ ಬೇಗ ಅಲ್ಲ. ಅವರಿಗೆ ಸರ್ ಪದವಿ ಸಿಕ್ಕಿದ್ದು 1841ರಲ್ಲಿ, ಬಂದು 42 ವರ್ಷದ ಮೇಲೆ. ಅದೂ ಥೇಮ್ಸ್ ನದಿಯ ಅಡಿಯಲ್ಲಿ ಅವರು ತೋಡಿಸುತ್ತಿದ್ದ ಸುರಂಗದ ಕೆಲಸ ನಡೆಯುತ್ತಿದ್ದಾಗ. ಹಡಗಿನ ಮರ ಕೊರೆಯುವ ಹುಳು ತನ್ನ ತಲೆಯ ಗಟ್ಟಿ ಚಿಪ್ಪಿನಿಂದ ಕೊರೆಯುತ್ತಾ, ಹಿಂದೆ ಗೋಡೆಗೆ ಲೇಪ ಹಚ್ಚುತ್ತಾ ಹೋಗುತ್ತೆ. ಅದನ್ನೇ ನೋಡಿ ದೊಡ್ಡ ಕಬ್ಬಿಣದ ಚೌಕಟ್ಟು ಮಾಡಿದರು. 36 ಗೂಡು, ಗೂಡಿಗೊಬ್ಬ ಆಳು. ಎದುರಿನ ಹಲಗೆ ಒಂದು ತೆಗೆಯಬೇಕು, ಕೆಲವೇ ಅಂಗುಲ ಮಣ್ಣು ಅಗೆಯಬೇಕು, ಹಲಗೆ ವಾಪಸ್ ಒತ್ತಬೇಕು, ಆಮೇಲೆ ಮುಂದಿನ ಹಲಗೆ. ಹಿಂದಿನಿಂದ ಗಾರೆಯವರು ಇಟ್ಟಿಗೆ ಕಟ್ಟುತ್ತಾ ಬರ್ತಿದ್ದರು. ಬೆಂಗಳೂರಲ್ಲಿ ನಮ್ಮ ಮೆಟ್ರೋಗೆ ಸುರಂಗ ಕೊರೆದ ಯಂತ್ರಗಳ ಹಿಂದೆಯೂ ಇದೇ ಉಪಾಯ. ಶುರುವಾಗಿದ್ದು 1825ರಲ್ಲಿ. ಹಲವು ಸಲ ನದಿ ಒಳಗೆ ನುಗ್ಗಿತು. 1828ರಲ್ಲಿ ಆರು ಜನ ಸತ್ತರು, ಮಗ ಕೂದಲೆಳೆಯಲ್ಲಿ ಉಳಿದ. ದುಡ್ಡಿಲ್ಲದೆ ಏಳು ವರ್ಷ ಕೆಲಸ ನಿಂತಿತು. 1843ರಲ್ಲಿ ತೆರೆಯಿತು.

ಶೋರ್‌ಡಿಚ್‌ಗೆ ನೀನು ಹೋಗೋದು ವಿಂಡ್‌ರಶ್ ಲೈನಿನಲ್ಲಿ ಅಲ್ವಾ? ವಿಂಡ್‌ರಶ್ ಅನ್ನೋ ಹಡಗು ಹತ್ತಿ ಬಂದ ಕೆರಿಬಿಯನ್ ವಲಸಿಗರ ನೆನಪಿಗೆ 2024ರಲ್ಲಿ ಇಟ್ಟ ಹೆಸರು ಅದು. ಆ ಟ್ರೈನು ನದಿ ದಾಟೋದು ಮಾರ್ಕ್ ತೋಡಿಸಿದ ಅದೇ ಸುರಂಗದಲ್ಲಿ. ಐದು ತಿಂಗಳಿಂದ ದಿನಾ ಎರಡು ಸಲ ನೀನು ಅದರೊಳಗೆ ಹೋಗ್ತಾ ಬರ್ತಾ ಇದ್ದೀಯ.

ನಾಳೆ ವಾಪಿಂಗ್ ಸ್ಟೇಷನ್‌ನಲ್ಲಿ ಇಳಿದುಕೋ. ಪ್ಲಾಟ್‌ಫಾರ್ಮಿನ ನದಿ ಕಡೆಯ ತುದಿಗೆ ನಡಿ. ಕುದುರೆ ಲಾಳದ ಆಕಾರದ ಎರಡು ಕಮಾನು ಪಕ್ಕಪಕ್ಕ ಕಾಣುತ್ತೆ. ಮುಂದಿನ ಟ್ರೈನ್ ಬರೋವರೆಗೂ ನೋಡ್ತಾ ನಿಂತಿರು. ಚೆಲ್ಸಿಗೆ ಮತ್ತೆ ಹೋಗೋದಾದರೆ ನನಗೆ ಹೇಳು, ನಾನೂ ಬರ್ತೀನಿ. ಚಿತ್ರಾನ್ನ ನಾನೇ ತರ್ತೀನಿ.