ಸ್ಪ್ಯಾನಿಷ್ ಕಂಡಿಷನಲ್ ರೂಪ ಮತ್ತು ನಮ್ಮ ‘ಉತ್ತಿದ್ದೆ’

‘ಅಬ್ಲಾರ್’ (ಮಾತನಾಡು) ಎಂಬಂಥ ನಿಯಮಬದ್ಧ ಸ್ಪ್ಯಾನಿಷ್ ಕ್ರಿಯಾಪದಕ್ಕೆ ಕಂಡಿಷನಲ್ ರೂಪ (‘ಹೀಗಿದ್ದರೆ ಹಾಗೆ ಮಾಡುತ್ತಿದ್ದೆ’ ಎನ್ನುವಂಥದ್ದು) ಕಟ್ಟುವುದು ಹೇಗೆ, ಬರೆಯುವಾಗ ಅದು ಭೂತಕಾಲದ ಇಂಪರ್ಫೆಕ್ಟ್‌ನೊಂದಿಗೆ (ಹಿಂದೆ ನಡೆಯುತ್ತಿದ್ದುದನ್ನು ಹೇಳುವ ರೂಪ) ಏಕೆ ಕಲಸಿಹೋಗುತ್ತದೆ ಎಂದು ಕೇಳಿದ್ದೀರಿ. ಮೊದಲನೆಯದು ಸುಲಭ. ಎರಡನೆಯದರ ಬೇರು ಕನ್ನಡದಲ್ಲೇ ಇದೆ ಎಂಬುದು ನನಗೆ ಹೊಳೆದದ್ದು ಬಹಳ ತಡವಾಗಿ.

ವರ್ತಮಾನಕಾಲದಲ್ಲಿ ಮಾಡುವಂತೆ ಕೊನೆಯ ‘ಆರ್’, ‘ಏರ್’, ‘ಈರ್’ಗಳನ್ನು ಇಲ್ಲಿ ಕಿತ್ತುಹಾಕಬಾರದು, ನಿಘಂಟಿನಲ್ಲಿರುವ ರೂಪವನ್ನು ಇಡಿಯಾಗಿ ಇಟ್ಟುಕೊಂಡು ಅದಕ್ಕೇ ಪ್ರತ್ಯಯ ಹಚ್ಚಬೇಕು. ನಾನು ಎಂಬುದಕ್ಕೆ ಅಬ್ಲರೀಯ, ನೀನು ಎಂಬುದಕ್ಕೆ ಅಬ್ಲರೀಯಸ್, ಅವನು, ಅವಳು, ತಾವು ಎಂಬುದಕ್ಕೆ ಮತ್ತೆ ಅಬ್ಲರೀಯ, ನಾವು ಎಂಬುದಕ್ಕೆ ಅಬ್ಲರೀಯಮೋಸ್, ಸ್ಪೇನ್‌ನಲ್ಲಿ ಆಪ್ತರಾದ ಹಲವರನ್ನು ನೀವು ಎನ್ನುವಾಗ ಅಬ್ಲರೀಯೈಸ್, ಅವರು ಎಂಬುದಕ್ಕೆ ಅಬ್ಲರೀಯನ್. ಮೂರೂ ಗುಂಪಿನ ಕ್ರಿಯಾಪದಗಳಿಗೆ ಇವೇ ಪ್ರತ್ಯಯಗಳು. ಆರು ರೂಪಗಳಲ್ಲೂ ಒತ್ತು ‘ಈ’ ಮೇಲೆಯೇ ಬೀಳುವುದರಿಂದ ಆ ಅಕ್ಷರದ ಮೇಲಿನ ಒತ್ತಿನ ಗುರುತನ್ನು (í) ಬಿಡುವಂತಿಲ್ಲ. ‘ತೆನೇರ್’ (ಹೊಂದಿರು) ‘ತೆಂದ್ರೀಯ’ ಆಗುವಂತೆ ಕೆಲವು ಕ್ರಿಯಾಪದಗಳ ಮೂಲರೂಪ ಬದಲಾಗುತ್ತದೆಯಾದರೂ ಅಲ್ಲಿಯೂ ಪ್ರತ್ಯಯ ಬೇರೆಯಲ್ಲ.

ಈಗ ಗೊಂದಲದ ವಿಷಯ. ‘ಚಿಕ್ಕಂದಿನಲ್ಲಿ ಆ ಮನೆಯಲ್ಲಿ ವಾಸಿಸುತ್ತಿದ್ದೆ’ ಎನ್ನುತ್ತೇವೆ. ‘ಹಣವಿದ್ದಿದ್ದರೆ ಆ ಮನೆಯಲ್ಲಿ ವಾಸಿಸುತ್ತಿದ್ದೆ’ ಎಂದೂ ಎನ್ನುತ್ತೇವೆ. ನಡೆದುಹೋದದ್ದಕ್ಕೂ ನಡೆಯದೇ ಉಳಿದದ್ದಕ್ಕೂ ನಮ್ಮಲ್ಲಿ ಒಂದೇ ‘ಉತ್ತಿದ್ದೆ’ ಸಾಕು, ಏಕೆಂದರೆ ‘ರೆ’ ಎಂಬ ಪ್ರತ್ಯಯವೇ ಷರತ್ತಿನ ಭಾರವನ್ನೆಲ್ಲ ಹೊರುತ್ತದೆ. ಸ್ಪ್ಯಾನಿಷ್‌ನಲ್ಲಿ ಮೊದಲನೆಯದು ‘ಬಿಬೀಯ’, ಎರಡನೆಯದು ‘ಬಿಬಿರೀಯ’; ನಡುವೆ ಹೆಚ್ಚಾಗಿ ಇರುವುದು ರಕಾರ ಸೇರಿದ ‘ಇರ್’ ಮಾತ್ರ. ‘ಅಬ್ಲಾಬ’ (ಅಬ್ಲಾರ್‌ನ ಇಂಪರ್ಫೆಕ್ಟ್), ‘ಅಬ್ಲರೀಯ’ಗಳನ್ನು ಕಿವಿ ತಾನೇ ಬೇರ್ಪಡಿಸುತ್ತದೆ, ತಪ್ಪುವುದು ಹೆಚ್ಚಾಗಿ ‘ಏರ್’, ‘ಈರ್’ ಗುಂಪುಗಳಲ್ಲಿ. ಆದ್ದರಿಂದ ಮನಸ್ಸಿನಲ್ಲಿ ‘ಉತ್ತಿದ್ದೆ’ ಬಂದಾಗಲೆಲ್ಲ ಆ ಕೆಲಸ ನಿಜವಾಗಿ ನಡೆಯಿತೇ ಎಂದು ಕೇಳಿಕೊಳ್ಳಿ. ನಡೆಯದಿದ್ದರೆ ರಕಾರ ಬೇಕು.

ಇನ್ನೊಂದು ಎಚ್ಚರಿಕೆ: ‘ಸಿ’ (ನಮ್ಮ ಷರತ್ತಿನ ‘ರೆ’ಯ ಅರ್ಥದ್ದು) ಇರುವ ಉಪವಾಕ್ಯದಲ್ಲಿ ಕಂಡಿಷನಲ್ ಬಳಸಬೇಡಿ. ‘ಸಿ ತುಬಿಯೆರ ದಿನೇರೊ, ಬಿಬಿರೀಯ ಎನ್ ಎಸ ಕಾಸ’, ಅಂದರೆ ಹಣವಿದ್ದರೆ ಆ ಮನೆಯಲ್ಲಿ ವಾಸಿಸುತ್ತಿದ್ದೆ ಎನ್ನುವಲ್ಲಿ, ಷರತ್ತಿನ ಭಾಗಕ್ಕೆ ಸಬ್ಜಂಕ್ಟಿವ್ (ಊಹೆ, ಸಂದೇಹಗಳನ್ನು ಹೇಳುವ ಕ್ರಿಯಾರೂಪ; ಇಲ್ಲಿ ‘ತುಬಿಯೆರ’), ಫಲದ ಭಾಗಕ್ಕೆ ಮಾತ್ರ ಕಂಡಿಷನಲ್.

ಷರತ್ತೇ ಇಲ್ಲದೆಡೆಯೂ ಈ ರೂಪ ಬರುತ್ತದೆ. ‘ಮಾತನಾಡುತ್ತೇನೆ ಎಂದಳು’ ಎಂದು ನಾವು ಆಡಿದವಳ ಮಾತನ್ನು ಹಾಗೆಯೇ ಉಳಿಸಿಕೊಳ್ಳುತ್ತೇವೆ. ಸ್ಪ್ಯಾನಿಷ್ ‘ದೀಹೊ ಕೆ ಅಬ್ಲರೀಯ’ ಎನ್ನುತ್ತದೆ, ಹಿಂದಿನ ಒಂದು ಗಳಿಗೆಯಲ್ಲಿ ನಿಂತು ಅದರ ಮುಂದಕ್ಕೆ ನೋಡುತ್ತದೆ. ವೆನೆಜುವೆಲಾ ಮೂಲದ ವಿದ್ವಾಂಸ ಆಂದ್ರೆಸ್ ಬೆಯೊ 1847ರ ತಮ್ಮ ಸ್ಪ್ಯಾನಿಷ್ ವ್ಯಾಕರಣದಲ್ಲಿ ಇದನ್ನು ‘ಪೋಸ್‌ಪ್ರೆತೇರಿತೊ’, ಅಂದರೆ ಭೂತದ ನಂತರದ್ದು, ಎಂದು ಕರೆದದ್ದು ಇದೇ ಕಾರಣಕ್ಕೆ.