ಮನೆಯ ಕಂಪ್ಯೂಟರನ್ನು ವಿಜ್ಞಾನದ ಲೆಕ್ಕಗಳಿಗೆ ಕೊಡಬಹುದಾ?

"ನಮ್ಮ ಮನೆಯ ಕಂಪ್ಯೂಟರ್ ದಿನದ ಮುಕ್ಕಾಲು ಹೊತ್ತು ಸುಮ್ನೆ ಇರುತ್ತದೆ. ಅದನ್ನು ವಿಜ್ಞಾನಿಗಳ ಲೆಕ್ಕಕ್ಕೆ ಕೊಡಬಹುದಂತೆ, ಖರ್ಚೇನೂ ಇಲ್ಲವಂತೆ. ನಿಜವಾ? ಕಂಪ್ಯೂಟರ್ ಹಾಳಾಗಲ್ವಾ?" ಎಂದು ಕೇಳಿದ್ದೀರಿ.

ಕೊಡಬಹುದು. ಖಂಡಿತ ಕೊಡಿ. ಒಂದು ತಂತ್ರಾಂಶ ಹಾಕಿಕೊಂಡರೆ ಸಾಕು, ಅದು ಇಂಟರ್ನೆಟ್ಟಿನಲ್ಲಿ ಲೆಕ್ಕದ ಚೂರೊಂದನ್ನು ತಂದು, ಮಾಡಿ, ಉತ್ತರ ವಾಪಸ್ ಕಳಿಸುತ್ತದೆ. ಆದರೆ ಖರ್ಚಿಲ್ಲ ಅನ್ನುವ ಮಾತು ಸರಿಯಲ್ಲ. ನೀವು ನಿಜವಾಗಿ ದಾನ ಮಾಡುವುದು ಕರೆಂಟು. ಸುಮ್ನೆ ಕೂತ ಪ್ರೊಸೆಸರ್ ಸ್ವಲ್ಪವೇ ಕರೆಂಟು ಎಳೆಯುತ್ತದೆ, ದುಡಿಯುವಾಗ ಜಾಸ್ತಿ ಎಳೆಯುತ್ತದೆ. ಇದು ಗೊತ್ತಿದ್ದು ಕೊಟ್ಟರೆ ಮುಂದೆ ಬೇಜಾರಾಗುವುದಿಲ್ಲ.

ನಾನು ಶುರು ಮಾಡಿದ್ದು 2020ರ ಲಾಕ್‌ಡೌನ್‌ನಲ್ಲಿ. ಹೊರಗೆ ಕಾಲಿಡುವಂತಿರಲಿಲ್ಲ, ದಿನಾ ಸಾವಿನ ಸುದ್ದಿ. ನಮ್ಮ ಕೈಲಿ ಏನೂ ಆಗುತ್ತಿಲ್ಲವಲ್ಲ ಅನ್ನುವ ಸಂಕಟ. ಆಗ ಫೋಲ್ಡಿಂಗ್ ಅಟ್ ಹೋಮ್ ಎಂಬ ಯೋಜನೆಯ ತಂತ್ರಾಂಶ ಹಾಕಿಕೊಂಡೆ. ಪ್ರೋಟೀನುಗಳು ಹೇಗೆ ಮಡಚಿಕೊಳ್ಳುತ್ತವೆ, ಹೇಗೆ ಅಲುಗಾಡುತ್ತವೆ ಅನ್ನುವುದನ್ನು ಲೆಕ್ಕ ಹಾಕುವ ಯೋಜನೆ ಅದು. 2000ದಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ಹುಟ್ಟಿತ್ತು. ಆ ವರ್ಷ ಕೊರೊನಾ ವೈರಸ್ಸಿನ ಮುಳ್ಳುಗಳು ಹೇಗೆ ತೆರೆದುಕೊಳ್ಳುತ್ತವೆ ಎಂದು ನೋಡುತ್ತಿದ್ದರು. ಎಷ್ಟು ಜನ ಸೇರಿದರೆಂದರೆ, ಮನೆ ಮನೆಯ ಕಂಪ್ಯೂಟರ್‌ಗಳ ಒಟ್ಟು ಬಲ ಆಗಿನ ದೊಡ್ಡ ಸೂಪರ್‌ಕಂಪ್ಯೂಟರ್‌ಗಳನ್ನೂ ಮೀರಿಸಿತು. ಆ ಲಕ್ಷಾಂತರ ಯಂತ್ರಗಳಲ್ಲಿ ನನ್ನದೂ ಒಂದು. ಆ ದಿನಗಳಲ್ಲಿ ನನಗೆ ಅದು ದೊಡ್ಡ ಸಮಾಧಾನ ಕೊಟ್ಟಿತು.

ಒಂದು ತಪ್ಪು ಮಾತ್ರ ಮಾಡಿದೆ. ಹಗಲೂ ರಾತ್ರಿ ಓಡಿಸಿದೆ. ತಿಂಗಳ ಕೊನೆಗೆ ಬಿಲ್ ನೋಡಿ ಅಪ್ಪ ಕರೆದು ಕೂರಿಸಿ ಕೇಳಿದರು. ಲೆಕ್ಕ ಸುಲಭ: 100 ವ್ಯಾಟ್ ಎಳೆಯುವ ಕಂಪ್ಯೂಟರ್ 24 ಗಂಟೆ ಓಡಿದರೆ ದಿನಕ್ಕೆ 2.4 ಯೂನಿಟ್, ತಿಂಗಳಿಗೆ 72. ಗೃಹಜ್ಯೋತಿ ಇರುವ ಮನೆಯಾದರೆ ಇನ್ನೂ ಹುಷಾರಾಗಿರಬೇಕು. 200 ಯೂನಿಟ್ ದಾಟಿತೋ, ಪೂರ್ತಿ ಬಿಲ್ ನಿಮ್ಮ ತಲೆಗೆ.

ಅದಕ್ಕೇ ಈಗ ನನ್ನ ಪದ್ಧತಿ ಬೇರೆ. ಇದಕ್ಕಾಗಿಯೇ ಕಂಪ್ಯೂಟರ್ ಆನ್ ಮಾಡುವುದಿಲ್ಲ. ನನ್ನ ಕೆಲಸಕ್ಕೆ ಹೇಗೂ ಆನ್ ಇರುವ ಹೊತ್ತಿನಲ್ಲಿ ಮಾತ್ರ ಓಡಿಸುತ್ತೇನೆ. ದಿನಕ್ಕೆ 4 ಗಂಟೆ, 60 ವ್ಯಾಟ್ ಜಾಸ್ತಿ ಅಂದುಕೊಂಡರೆ ತಿಂಗಳಿಗೆ ಏಳು ಯೂನಿಟ್ ಚಿಲ್ಲರೆ. ಇಷ್ಟಕ್ಕೆ ಮನೆಯಲ್ಲಿ ಯಾರ ತಕರಾರೂ ಇಲ್ಲ.

ಇಷ್ಟು ಚೂರು ಕೊಟ್ಟರೆ ಯಾರಿಗೆ ಉಪಯೋಗ ಅಂತ ನಿಮಗೆ ಅನ್ನಿಸಬಹುದು. 2010ರ ಒಂದು ಸಂಗತಿ ಹೇಳುತ್ತೇನೆ. ಐನ್‌ಸ್ಟೈನ್ ಅಟ್ ಹೋಮ್ ಎಂಬ ಯೋಜನೆ ಇದೆ. ಪೋರ್ಟೊ ರಿಕೊದ ಅರೆಸಿಬೊ ರೇಡಿಯೊ ದೂರದರ್ಶಕದ ಮಾಹಿತಿಯನ್ನು ಅವರು ಚೂರು ಚೂರಾಗಿ ಜನರಿಗೆ ಹಂಚುತ್ತಿದ್ದರು. ಒಬ್ಬರ ಉತ್ತರವನ್ನೇ ನಂಬುವ ಹಾಗಿಲ್ಲ, ಆದ್ದರಿಂದ ಒಂದೇ ಚೂರನ್ನು ಇಬ್ಬರಿಗೆ ಕೊಟ್ಟು ತಾಳೆ ನೋಡುತ್ತಾರೆ. ಹಾಗೆ ಒಂದು ಚೂರು ಅಮೆರಿಕದ ಅಯೋವಾದ ದಂಪತಿಯ ಕಂಪ್ಯೂಟರಿಗೆ ಹೋಯಿತು, ಅದೇ ಚೂರು ಜರ್ಮನಿಯ ಮೈಂಜ್‌ನ ಇನ್ನೊಬ್ಬರ ಕಂಪ್ಯೂಟರಿಗೂ ಹೋಯಿತು. ಎರಡಕ್ಕೂ ಒಂದೇ ಮಿಡಿತ ಸಿಕ್ಕಿತು. ಸೆಕೆಂಡಿಗೆ ಸುಮಾರು 41 ಸುತ್ತು ತಿರುಗುವ ಪಲ್ಸಾರ್, ಅಂದರೆ ತಿರುಗುತ್ತಾ ರೇಡಿಯೊ ಮಿಡಿತ ಕಳಿಸುವ ಸತ್ತ ನಕ್ಷತ್ರ! ಅಲ್ಲಿಯವರೆಗೆ ಯಾರಿಗೂ ಗೊತ್ತಿರದ ನಕ್ಷತ್ರ ಅದು. ಇದನ್ನು ಓದಿದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ.

ಶುರು ಮಾಡಲು ಬೋಯಿಂಕ್ (BOINC) ಎಂಬ ಉಚಿತ ತಂತ್ರಾಂಶ ಸಾಕು. ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದವರು ಮಾಡಿದ್ದು. ಅವರ ಸ್ವಂತ ತಾಣದಿಂದಲೇ ಇಳಿಸಿಕೊಳ್ಳಿ. ಐನ್‌ಸ್ಟೈನ್, ಪ್ರೋಟೀನುಗಳ ಆಕಾರ ಲೆಕ್ಕ ಹಾಕುವ ರೊಸೆಟ್ಟಾ ಹೀಗೆ ಯೋಜನೆಗಳ ಪಟ್ಟಿ ಅದರಲ್ಲೇ ಇರುತ್ತದೆ. (ಅನ್ಯಗ್ರಹದ ಜೀವಿಗಳನ್ನು ಹುಡುಕುವ ಸೆಟಿ ಅಟ್ ಹೋಮ್ ಎಲ್ಲರಿಗೂ ಗೊತ್ತಿರುವ ಹೆಸರು. 1999ರಲ್ಲಿ ಶುರುವಾದ ಅದು 2020ರ ಮಾರ್ಚ್‌ನಲ್ಲಿ ಹೊಸ ಕೆಲಸ ಕಳಿಸುವುದನ್ನು ನಿಲ್ಲಿಸಿತು.) ಕರೆಂಟು ಹೋದರೆ ಹೆದರಬೇಡಿ, ಲೆಕ್ಕವನ್ನು ಆಗಾಗ ಉಳಿಸಿಕೊಳ್ಳುತ್ತಿರುತ್ತದೆ.

ಹಾಳಾಗುತ್ತಾ ಅಂದಿರಿ. ಶತ್ರು ಬಿಸಿ ಮತ್ತು ಧೂಳು. ಪ್ರೊಸೆಸರಿನೊಳಗೆ ಲೆಕ್ಕ ಮಾಡುವ ಘಟಕಗಳಿಗೆ ಕೋರ್ ಅನ್ನುತ್ತಾರೆ, ಸೆಟ್ಟಿಂಗ್‌ನಲ್ಲಿ ಅವುಗಳಲ್ಲಿ ಅರ್ಧದಷ್ಟನ್ನು ಮಾತ್ರ ಬಳಸಲು ಹೇಳಿ. ಫ್ಯಾನಿನ ಧೂಳು ತೆಗೆಸಿ. ಏಪ್ರಿಲ್, ಮೇ ತಿಂಗಳಲ್ಲಿ ನಾನು ಪೂರ್ತಿ ನಿಲ್ಲಿಸಿಬಿಡುತ್ತೇನೆ. ತೆಳ್ಳನೆಯ ಲ್ಯಾಪ್‌ಟಾಪ್ ಆದರೆ ಬೇಡ ಅಂತಲೇ ಹೇಳುತ್ತೇನೆ, ಅದಕ್ಕೆ ಬಿಸಿ ತಡೆಯುವುದು ಕಷ್ಟ. ಆಫೀಸಿನ ಕಂಪ್ಯೂಟರಿನಲ್ಲಂತೂ ಕೇಳದೆ ಹಾಕಲೇಬೇಡಿ, ಅಲ್ಲಿನ ಕರೆಂಟು ನಮ್ಮದಲ್ಲ ಅಲ್ವಾ.