‘ಐವಿ ಲೀಗ್’: ಹೆಸರು ಮೊದಲು, ಲೀಗ್ ಆಮೇಲೆ

ಪ್ರಶ್ನೆ: ನನ್ನ ಮಗಳು ದ್ವಿತೀಯ ಪಿಯುಸಿ ಓದುತ್ತಿದ್ದು, ಜಿಲ್ಲಾ ಮಟ್ಟದಲ್ಲಿ ವಾಲಿಬಾಲ್ ಆಡಿದ್ದಾಳೆ. ಅಮೆರಿಕದಲ್ಲಿ ಓದುವ ಆಸೆಯಿಂದ ದಾವಣಗೆರೆಯ ಸಲಹೆಗಾರರೊಬ್ಬರನ್ನು ಕಂಡೆವು. ‘ಐವಿ ಲೀಗ್’ ಎಂಬುದು ಅಲ್ಲಿನ ಸರ್ಕಾರ ಶ್ರೇಷ್ಠ ವಿಶ್ವವಿದ್ಯಾಲಯಗಳಿಗೆ ಕೊಡುವ ದರ್ಜೆ, ಮೊದಲು ನಾಲ್ಕೇ ಕಾಲೇಜುಗಳಿದ್ದುದರಿಂದ ರೋಮನ್ ಅಂಕಿಯ ನಾಲ್ಕೇ (IV) ‘ಐವಿ’ ಆಯಿತು, ಆಟಗಾರರಿಗೆ ಅಲ್ಲಿ ಪೂರ್ಣ ವಿದ್ಯಾರ್ಥಿವೇತನವುಂಟು ಎಂದು ಅವರು ಹೇಳಿದರು. ಇದು ನಿಜವೇ?
– ಓದುಗರೊಬ್ಬರು, ಚಿತ್ರದುರ್ಗ

ಉತ್ತರ: ಮೂರೂ ನಿಜವಲ್ಲ. ಐವಿ ಲೀಗ್ ಎಂಬುದು ಸರ್ಕಾರದ ದರ್ಜೆಯಲ್ಲ. ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್, ಕೊಲಂಬಿಯಾ, ಪೆನ್ಸಿಲ್ವೇನಿಯಾ, ಬ್ರೌನ್, ಡಾರ್ಟ್‌ಮತ್ ಮತ್ತು ಕಾರ್ನೆಲ್ ಎಂಬ ಎಂಟು ಖಾಸಗಿ ಸಂಸ್ಥೆಗಳು ತಮ್ಮತಮ್ಮಲ್ಲೇ ಪಂದ್ಯವಾಡಲು ಮಾಡಿಕೊಂಡ ಕ್ರೀಡಾ ಒಕ್ಕೂಟ. ನಿಮ್ಮ ಜಿಲ್ಲೆಯ ಕಾಲೇಜು ಮಕ್ಕಳು ದಾವಣಗೆರೆ ವಿಶ್ವವಿದ್ಯಾಲಯದ ತಂಡದಲ್ಲಿ ಆಯ್ಕೆಯಾಗಿ ಅಂತರ ವಿಶ್ವವಿದ್ಯಾಲಯ ಪಂದ್ಯಾವಳಿಗೆ ಹೋಗುತ್ತಾರಷ್ಟೆ. ಅಲ್ಲಿ ಹಾಗಲ್ಲದೆ ಗೊತ್ತಾದ ಎಂಟೇ ತಂಡಗಳು ವರ್ಷವರ್ಷವೂ ಪರಸ್ಪರ ಎದುರಾಗುತ್ತವೆ.

ಹೆಸರಿನ ಕಥೆ ಇನ್ನೂ ಸ್ವಾರಸ್ಯಕರವಾದುದು. ಐವಿ ಎಂಬುದು ಗೋಡೆಗೆ ಅಂಟಿಕೊಂಡು ಹಬ್ಬುವ ಒಂದು ಬಳ್ಳಿ. ಏಳು ಸುತ್ತಿನ ಕೋಟೆಯ ಊರಿನವರಾದ ನಿಮಗೆ ಕಲ್ಲುಗೋಡೆಯ ಮೇಲೆ ಬಳ್ಳಿ ಹಬ್ಬಿದರೆ ಕಿತ್ತುಹಾಕಬೇಕೆನ್ನಿಸಬಹುದು, ಆದರೆ ಆ ಹಳೆಯ ಕಾಲೇಜುಗಳಲ್ಲಿ ಅದೇ ಹಿರಿತನದ ಗುರುತು. ಪದವಿ ಮುಗಿಸುವ ವಿದ್ಯಾರ್ಥಿಗಳು ಅದರ ಸಸಿ ನೆಟ್ಟು ಹೋಗುವ ಪದ್ಧತಿಯೂ 19ನೇ ಶತಮಾನದಲ್ಲಿತ್ತು. ಕಾರ್ನೆಲ್ ಒಂದನ್ನುಳಿದು ಮಿಕ್ಕ ಏಳೂ ಸಂಸ್ಥೆಗಳು ಅಮೆರಿಕ ಸ್ವತಂತ್ರವಾಗುವ ಮುನ್ನವೇ ಹುಟ್ಟಿದವು. 1933ರ ಅಕ್ಟೋಬರ್‌ನಲ್ಲಿ ‘ನ್ಯೂಯಾರ್ಕ್ ಹೆರಾಲ್ಡ್ ಟ್ರಿಬ್ಯೂನ್’ ಪತ್ರಿಕೆಯ ಕ್ರೀಡಾ ವರದಿಗಾರ ಸ್ಟಾನ್ಲಿ ವುಡ್‌ವರ್ಡ್, ಪೂರ್ವ ಕರಾವಳಿಯ ಹಳೆಯ ಕಾಲೇಜುಗಳ ಅಮೆರಿಕನ್ ಫುಟ್‌ಬಾಲ್ ಕುರಿತು ಬರೆಯುತ್ತ ಅವನ್ನು ‘ಐವಿ ಕಾಲೇಜುಗಳು’ ಎಂದು ಕರೆದರು. 1935ರ ಫೆಬ್ರವರಿಯಲ್ಲಿ ಅಸೋಸಿಯೇಟೆಡ್ ಪ್ರೆಸ್ ಸುದ್ದಿಸಂಸ್ಥೆಯ ಆಲನ್ ಗೌಲ್ಡ್ ಅವರ ಬರಹದಲ್ಲಿ ‘ಐವಿ ಲೀಗ್’ ಎಂಬ ಜೋಡಿಪದ ಅಚ್ಚಾಯಿತು. ಆಗ ಅಂಥ ಲೀಗೇ ಇರಲಿಲ್ಲ! ಆ ಪದದ ವ್ಯಾಪ್ತಿಯೂ ಖಚಿತವಾಗಿರದೆ, ಸೇನೆ ಮತ್ತು ನೌಕಾದಳದ ಅಕಾಡೆಮಿಗಳನ್ನೂ ಕೆಲವರು ಅದರಲ್ಲಿ ಸೇರಿಸುತ್ತಿದ್ದರು. ಮಗು ಹುಟ್ಟುವ ಮೊದಲೇ ಪತ್ರಕರ್ತರು ನಾಮಕರಣ ಮುಗಿಸಿದ್ದರೆನ್ನಬೇಕು.

ರೋಮನ್ ಅಂಕಿಯ ಕಥೆಗೆ ಆಧಾರವಿಲ್ಲ. ಫುಟ್‌ಬಾಲ್ ನಿಯಮಗಳನ್ನು ಒಂದುಗೂಡಿಸಲು 1876ರಲ್ಲಿ ನಾಲ್ಕು ಕಾಲೇಜುಗಳ ಪ್ರತಿನಿಧಿಗಳು ಸಭೆ ಸೇರಿದ್ದು ಹೌದಾದರೂ, ಆ ಕೂಟವನ್ನು ಯಾರೂ ಐವಿ ಎಂದು ಕರೆದ ದಾಖಲೆಯಿಲ್ಲ.

ಇನ್ನು ಸ್ಥಾಪನೆಯ ವಿಚಾರ. 1936ರ ಡಿಸೆಂಬರ್‌ನಲ್ಲಿ ಏಳು ಕಾಲೇಜುಗಳ ವಿದ್ಯಾರ್ಥಿ ಪತ್ರಿಕೆಗಳು ಒಂದೇ ಸಂಪಾದಕೀಯವನ್ನು ಏಕಕಾಲಕ್ಕೆ ಪ್ರಕಟಿಸಿ, ಹೆಸರಿಗಿರುವ ಲೀಗನ್ನು ನಿಜವಾಗಿಯೂ ಕಟ್ಟಬೇಕೆಂದು ಒತ್ತಾಯಿಸಿದವು. ಮರುತಿಂಗಳೇ ಕ್ರೀಡಾಧಿಕಾರಿಗಳು ಅದನ್ನು ತಳ್ಳಿಹಾಕಿದರು. 1945ರಲ್ಲಿ ಎಂಟೂ ಸಂಸ್ಥೆಗಳ ಅಧ್ಯಕ್ಷರು ಫುಟ್‌ಬಾಲ್‌ಗೆ ಮಾತ್ರ ಅನ್ವಯಿಸುವ ಒಪ್ಪಂದಕ್ಕೆ ಸಹಿ ಹಾಕಿದರು, 1954ರಲ್ಲಿ ಅದನ್ನು ಎಲ್ಲ ಆಟಗಳಿಗೂ ವಿಸ್ತರಿಸಿದರು, 1956–57ರ ಸಾಲಿನಿಂದ ಲೀಗ್ ಪೂರ್ಣಪ್ರಮಾಣದಲ್ಲಿ ನಡೆಯತೊಡಗಿತು. ಆಟವೇ ದೊಡ್ಡ ವ್ಯಾಪಾರವಾಗಿ, ಓದು ಬಾರದಿದ್ದರೂ ಆಟ ಬಂದರೆ ಸಾಕೆಂಬ ಸ್ಥಿತಿ ಅಮೆರಿಕದ ಕಾಲೇಜುಗಳಲ್ಲಿ ಬೆಳೆಯುತ್ತಿದ್ದಾಗ, ಅದಕ್ಕೆ ತಮ್ಮ ಮಟ್ಟಿಗಾದರೂ ಕಡಿವಾಣ ಹಾಕುವುದು ಈ ಒಪ್ಪಂದದ ಉದ್ದೇಶವಾಗಿತ್ತು. ಆದ್ದರಿಂದಲೇ ಆಟಗಾರನೂ ಇತರರಂತೆ ಓದಿನ ಅರ್ಹತೆ ಪಡೆದಿರಬೇಕು, ಆಟಕ್ಕೆಂದು ವಿದ್ಯಾರ್ಥಿವೇತನ ಕೊಡಬಾರದು ಎಂಬ ನಿಯಮಗಳು ಬಂದವು.

ನಿಮ್ಮ ಸಲಹೆಗಾರರ ಮೂರನೆಯ ಮಾತು ತಪ್ಪಾಗುವುದು ಇಲ್ಲಿಯೇ, ಮತ್ತು ಖರ್ಚಿನ ದೃಷ್ಟಿಯಿಂದ ನೀವು ಗಮನಿಸಬೇಕಾದುದೂ ಇದನ್ನೇ. ಈ ಎಂಟರಲ್ಲಿ ನೆರವು ಸಿಗುವುದು ಕುಟುಂಬದ ಆದಾಯ ನೋಡಿ. ವಾಲಿಬಾಲ್ ತರಬೇತುದಾರರ ಒಲವು ಪ್ರವೇಶಕ್ಕೆ ನೆರವಾಗಬಹುದೇ ಹೊರತು ಶುಲ್ಕವನ್ನು ಇಳಿಸುವುದಿಲ್ಲ. ಆಟದ ವಿದ್ಯಾರ್ಥಿವೇತನವೇ ಬೇಕೆಂದಾದರೆ ಸ್ಟಾನ್‌ಫರ್ಡ್‌ನಂಥ, ಐವಿ ಲೀಗಿಗೆ ಸೇರದ ವಿಶ್ವವಿದ್ಯಾಲಯಗಳಲ್ಲಿ ವಿಚಾರಿಸಬೇಕು.